ಬ್ಯಾಂಕಾಕಿನಲ್ಲಿ ಬೋಣಿ

ಬೆಳಗಿನ ಒಂಬತ್ತು ದಾಟಿತ್ತಷ್ಟೆ. ಅಂಗಡಿಯ ಶಟರ್ ಇನ್ನೂ ಪೂರ್ತಿ ಮೇಲೇರಿರಲಿಲ್ಲ. ನಮ್ಮ ದೊಡ್ಡಕ್ಕ ಎರಡು ಹತ್ತಿಬಟ್ಟೆಯ ಕೈಚೀಲ ಆರಿಸಿ, ನೂರು ಬಾತ್‌ನ ಎರಡು ಕೆಂಪು ನೋಟು ಮುಂದೆ ಹಿಡಿದರು. ಅಂಗಡಿಯಾಕೆ ನೋಟನ್ನು ಗಲ್ಲಾಕ್ಕೆ ಹಾಕಲಿಲ್ಲ. ತೂಗುಹಾಕಿದ್ದ ಚೀಲಗಳಿಗೆ, ಮಡಿಸಿಟ್ಟ ಅಂಗಿಗಳಿಗೆ, ಮೂಲೆಯ ಟೋಪಿಗಳಿಗೆ ಒಂದೊಂದಾಗಿ ಆ ನೋಟು ತಟ್ಟುತ್ತ ಅಂಗಡಿ ತುಂಬ ಸುತ್ತಿದಳು. ಬಾಯಲ್ಲಿ ‘ಹೆಂಗ್ ಹೆಂಗ್’ ಎಂಬ ಮಾತು.

ನಮಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷದಿಂದ ದಿನಸಿ ಅಂಗಡಿ ನಡೆಸುತ್ತಿರುವ ದೊಡ್ಡಕ್ಕನ ಮುಖ ಅರಳಿತು. “ಬೋಣಿ ಕಣ್ರೇ! ನಾನೇ ಬೋಣಿ ಮಾಡಿದ್ದು!” ಎಂದರು. ದಿನದ ಮೊದಲ ನೋಟನ್ನು ಅವರು ಕಣ್ಣಿಗೊತ್ತಿಕೊಳ್ಳುತ್ತಾರೆ. ಈಕೆ ಸರಕಿಗೆ ತಟ್ಟುತ್ತಾಳೆ. ‘ಹೆಂಗ್’ ಎಂದರೆ ಅದೃಷ್ಟ, ಇಲ್ಲಿಗೆ ಬಂದು ನೆಲೆಸಿದ ಚೀನೀ ವ್ಯಾಪಾರಿಗಳು ತಂದ ಮಾತು. ದೊಡ್ಡಕ್ಕ ಕೈಮುಗಿದರು. ಆಕೆಯೂ ಮುಗಿದಳು. ಅಂಗಡಿಯ ಸರಕನ್ನೆಲ್ಲ ನೋಡಿದರೂ ಆಗದ ಪರಿಚಯ ಆ ಒಂದು ನೋಟಿನಿಂದ ಆಯಿತು.

2024ರ ಜನವರಿಯಲ್ಲಿ ನಾವು ಆರು ಜನ ಹೆಂಗಸರು ಐದು ದಿನಕ್ಕೆ ಬ್ಯಾಂಕಾಕಿಗೆ ಹೋಗಿದ್ದೆವು. ಸಮುದ್ರ ನೋಡಲಲ್ಲ, ದ್ವೀಪ ಸುತ್ತಲಲ್ಲ. ಪೇಟೆ ನೋಡಲು, ಕೊಳ್ಳಲು. ಹಾಗೆ ಹೇಳಿದಾಗ ಎಷ್ಟೋ ಮಂದಿ ‘ಅಷ್ಟೇನಾ?’ ಎಂಬ ಮುಖ ಮಾಡಿದರು. ಹೋಗಿಬಂದ ಮೇಲೆ ನನಗೆ ಅನ್ನಿಸಿರುವುದು ಇದು: ಕೊಳ್ಳುವುದು ಒಂದು ವಿದ್ಯೆ. ಬೆಲೆ ಕೇಳಲು ಯಾರಿಗಾದರೂ ಬರುತ್ತದೆ. ಬೆಲೆ ತಿಳಿಯುವುದು ಮಾತ್ರ ಕೈಯಲ್ಲಿ ಒಂದು ಕೆಲಸ ಇದ್ದವರಿಗೆ ಗೊತ್ತು.

ಯಾರೂ ಕೂಗದ ಚೀಟಿ

ಹೆಸರು ಹಾಕಬೇಡ ಎಂದು ಐವರೂ ಹೇಳಿದ್ದಾರೆ. ಹಾಗಾಗಿ ಕಸುಬಿನಿಂದಲೇ ಕರೆಯುತ್ತೇನೆ. ದಿನಸಿ ಅಂಗಡಿಯ ದೊಡ್ಡಕ್ಕನಿಗೆ ಆಗ 68 ವರ್ಷ. ನಮ್ಮ ಬೀದಿಯ ಕೊನೆಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುವ ಟೈಲರ್ ಗೆಳತಿ. ಹೈಸ್ಕೂಲಿನ ಕನ್ನಡ ಮೇಡಂ. ಸಹಕಾರಿ ಬ್ಯಾಂಕಿನ ಚಿನ್ನದ ಸಾಲದ ವಿಭಾಗದಲ್ಲಿದ್ದು ನಿವೃತ್ತಳಾದವಳು. ಕನಕಪುರದ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಟ್ಟಿ ಮೈಸೂರಿಗೆ ಸೊಸೆಯಾಗಿ ಬಂದವಳು. ಮತ್ತೆ ನಾನು, ಗುಂಪಿನ ಲೆಕ್ಕದ ಪುಸ್ತಕ ಹಿಡಿದವಳು.

ಪ್ರವಾಸಕ್ಕೆ ಎರಡು ವರ್ಷ ಮುಂಚೆ ದೊಡ್ಡಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಚೀಟಿ ಶುರುವಾಯಿತು. ತಿಂಗಳಿಗೆ ತಲಾ 3,000 ರೂಪಾಯಿ, 24 ತಿಂಗಳು. ಬೇರೆ ಚೀಟಿಗಳಂತೆ ಇದನ್ನು ಯಾರೂ ಕೂಗುವಂತಿಲ್ಲ, ಮಗಳ ಫೀಸು ಬರಲಿ, ಮನೆಯ ಸೋರುವ ಮಾಳಿಗೆ ಬರಲಿ, ಮುಟ್ಟುವಂತಿಲ್ಲ. ಹಿಂದೆ ನಾವು ಕಟ್ಟಿದ ಎಲ್ಲ ಚೀಟಿಗಳೂ ಮನೆಯೊಳಗೇ ಕರಗಿದ್ದವು. ಈ ಒಂದು ಮಾತ್ರ ನಮ್ಮ ಹೆಸರಿನಲ್ಲೇ ಇರಲಿ ಎಂಬ ಹಟ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟಿತು ಎಂಬ ಸುದ್ದಿ ಬಂದಾಗ ಚೀಟಿಯೂ ಮುಗಿಯುತ್ತಿತ್ತು. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗಿನ ಹಾದಿ. ಗಡಿಯಾರ ಒಂದೂವರೆ ಗಂಟೆ ಮುಂದಿಟ್ಟರೆ ಬೇರೆ ದೇಶ.

ಇಳಿದ ನಿಲ್ದಾಣದ ಹೆಸರೇ ಸುವರ್ಣಭೂಮಿ. ಒಳಗೆ ದೊಡ್ಡ ಸಮುದ್ರಮಥನ: ವಾಸುಕಿಯ ಒಂದು ತುದಿಗೆ ದೇವತೆಗಳು, ಇನ್ನೊಂದು ತುದಿಗೆ ಅಸುರರು, ನಡುವೆ ಮಂದರ. ಮೇಡಂ ಅದರ ಮುಂದೆ ನಿಂತವರು ಕದಲಲಿಲ್ಲ. ಮುಂದಿನ ಐದು ದಿನವೂ ಅವರು ಬೋರ್ಡುಗಳಲ್ಲಿ ನಮ್ಮ ಮಾತಿನ ಬೇರು ಹುಡುಕಿ ತೆಗೆಯುತ್ತಿದ್ದರು. ಹೂವಿನ ಹಾರಕ್ಕೆ ಅಲ್ಲಿ ‘ಮಾಲಾಯ್’, ಅದು ನಮ್ಮ ಮಾಲೆ. ಮಲ್ಲಿಗೆಗೆ ‘ಮಲಿ’. ರಾತ್ರಿ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಪೇಟೆಯಲ್ಲಿ ಮೊಗ್ಗು ಮಲ್ಲಿಗೆಯನ್ನು ಸೂಜಿಯಲ್ಲಿ ಪೋಣಿಸುತ್ತ ಕೂತಿದ್ದ ಮುದುಕಿಯ ಹತ್ತಿರ ಮೇಡಂ “ಮಲಿ?” ಎಂದರು. ಮುದುಕಿ “ಮಲಿ, ಮಲಿ” ಎಂದು ತಲೆಯಾಡಿಸಿ, ಒಂದು ಹಿಡಿ ಬಿಡಿಹೂವನ್ನು ದುಡ್ಡಿಲ್ಲದೆ ಬೊಗಸೆಗೆ ಸುರಿದಳು. ಆ ರಾತ್ರಿ ನಮ್ಮ ಕೋಣೆಯೆಲ್ಲ ಮೈಸೂರು ಮಲ್ಲಿಗೆಯದೇ ವಾಸನೆ.

ನಾಲ್ಕು ಚಕ್ರದ ಸಂತೆ

ಶನಿವಾರ ಚತುಚಕ್. ಈ ಹೆಸರಿನಲ್ಲೂ ನಮ್ಮ ‘ಚತುರ್’ ಮತ್ತು ‘ಚಕ್ರ’ ಇವೆ. ಅಲ್ಲಿ ಹನ್ನೆರಡು ವರ್ಷಕ್ಕೆ ಒಂದು ಚಕ್ರ. ದೊರೆ ಭೂಮಿಬಲ ಅತುಲ್ಯತೇಜರಿಗೆ ನಾಲ್ಕು ಚಕ್ರ, ಎಂದರೆ 48 ವರ್ಷ ತುಂಬಿದ 1975ರಲ್ಲಿ ರೈಲ್ವೆ ಇಲಾಖೆ ಉದ್ಯಾನಕ್ಕೆಂದು ಜಾಗ ಕೊಟ್ಟಿತು. ಉದ್ಯಾನದ ಹೆಸರೇ ಪಕ್ಕದ ಸಂತೆಗೂ ಬಂತು. ಮೊದಲು ಅರಮನೆಯ ಮುಂದಿನ ಸನಾಮ್ ಲುವಾಂಗ್ ಮೈದಾನದಲ್ಲಿ ಸೇರುತ್ತಿದ್ದ ವಾರದ ಸಂತೆ 1982ರಲ್ಲಿ ಈ ಬಯಲಿಗೆ ಬಂದು ನಿಂತದ್ದು. ಇವತ್ತು 27 ವಿಭಾಗ, 10,000ಕ್ಕೂ ಮೀರಿದ ಮಳಿಗೆ. ಶನಿವಾರ, ಭಾನುವಾರ ಪೂರ್ತಿ ಸಂತೆ. ಬುಧವಾರ, ಗುರುವಾರ ಗಿಡಗಳದ್ದು.

ಒಳಗೆ ಹೊಕ್ಕರೆ ದಿಕ್ಕು ತಪ್ಪುತ್ತದೆ. ಒಂದು ಓಣಿಯಲ್ಲಿ ಪಿಂಗಾಣಿ, ತಿರುಗಿದರೆ ಒಣಹೂವು, ಅದರಾಚೆ ಹಳೆಯ ಡೆನಿಮ್, ಮತ್ತೆ ತೆಂಗಿನ ಚಿಪ್ಪಿನ ಸೌಟು, ಬಿದಿರ ಬುಟ್ಟಿ. ನಡುವಿನ ಗಡಿಯಾರದ ಗೋಪುರವೊಂದೇ ಗುರುತು. ಕಳೆದುಹೋದರೆ ಅಲ್ಲಿಗೇ ಬರಬೇಕು, ಗಂಟೆಗೊಮ್ಮೆ ಎಲ್ಲರೂ ಅಲ್ಲಿ ಸೇರಬೇಕು ಎಂದು ದೊಡ್ಡಕ್ಕನ ಕಟ್ಟಪ್ಪಣೆ. ಜಾತ್ರೆಯಲ್ಲಿ ಮಕ್ಕಳಿಗೆ ‘ತೇರಿನ ಹತ್ತಿರ ಇರು’ ಎಂದು ಹೇಳುವಂತೆ.

ಅಂದು ನಾನು ಹಣ ಎಣಿಸುವುದು ಬಿಟ್ಟು ದೊಡ್ಡಕ್ಕನನ್ನೇ ನೋಡುತ್ತಿದ್ದೆ. ಮೊದಲ ಅಂಗಡಿಯಲ್ಲಿ ಅವರು ಕೊಳ್ಳುವುದೇ ಇಲ್ಲ. ಬೆಲೆ ಕೇಳಿ ಮುಂದೆ ಹೋಗುತ್ತಾರೆ. ಎರಡನೆಯದರಲ್ಲಿ ಸರಕಿನ ತೂಕ ನೋಡುತ್ತಾರೆ. ಮೂರನೆಯದರಲ್ಲಿ ಮಾತು ಶುರು. ಒಂದೇ ಸರಕು ಇಷ್ಟವಾದರೂ ಮೂರರ ಬೆಲೆ ಕೇಳಿ, ಆಮೇಲೆ ಎರಡಕ್ಕೆ ಇಳಿಯುತ್ತಾರೆ. ಅವರಿಗೆ ಥಾಯ್ ಗೊತ್ತಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲಿನ ವ್ಯಾಪಾರದ ಭಾಷೆ ಕ್ಯಾಲ್ಕುಲೇಟರ್. ಅಂಗಡಿಯಾಕೆ ಒಂದು ಸಂಖ್ಯೆ ಒತ್ತಿ ತಿರುಗಿಸುತ್ತಾಳೆ, ನಾವು ಅಳಿಸಿ ನಮ್ಮದನ್ನು ಒತ್ತುತ್ತೇವೆ. ಮೂರನೆಯ ಸಲಕ್ಕೆ ಇಬ್ಬರೂ ನಗುತ್ತಾರೆ, ಅಲ್ಲಿಗೆ ವ್ಯಾಪಾರ ಕುದುರಿತು.

ಎರಡು ಮಾತು ಮಾತ್ರ ಎಲ್ಲರೂ ಕಲಿತೆವು. ‘ತಾವ್ ರಾಯ್ ಖಾ’ ಎಂದರೆ ಎಷ್ಟು, ‘ಲೊತ್ ದಾಯ್ ಮಾಯ್ ಖಾ’ ಎಂದರೆ ಕಡಿಮೆ ಮಾಡ್ತೀರಾ. ಕೊನೆಯ ‘ಖಾ’ ಹೆಂಗಸರು ಸೇರಿಸುವ ಮರ್ಯಾದೆಯ ಮಾತು. ಗಂಡಸರು ‘ಖ್ರಾಪ್’ ಎನ್ನಬೇಕು. ಸಂಬಂಧದ ಮಾತುಗಳೂ ಇವೆ. ತನಗಿಂತ ದೊಡ್ಡವರಾದರೆ ‘ಪೀ’, ಚಿಕ್ಕವರಾದರೆ ‘ನೋಂಗ್’, ವಯಸ್ಸಾದ ಹೆಂಗಸಿಗೆ ‘ಪಾ’. ಅಂಗಡಿಯವಳನ್ನು ‘ಅಕ್ಕಾ’ ಎಂದು ಕರೆದು ಬೆಲೆ ಇಳಿಸುವ ನಾಡಿನಿಂದ ಬಂದ ನಮಗೆ ಇದು ಹೊಸದೇ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಅಂಗಡಿಗಳಲ್ಲೂ ದೊಡ್ಡಕ್ಕ ‘ಪಾ’ ಆಗಿದ್ದರು. ಕೂರಲು ಪ್ಲಾಸ್ಟಿಕ್ ಸ್ಟೂಲು, ಗಾಳಿಗೆ ಫ್ಯಾನು ತಾನಾಗಿ ಬರುತ್ತಿತ್ತು.

ಇನ್ನೊಂದು ವಿಷಯ ಅಂದೇ ಕಣ್ಣಿಗೆ ಬಿತ್ತು. ಗಲ್ಲಾದಲ್ಲಿ ಕೂತವರು ಬಹುಪಾಲು ಹೆಂಗಸರೇ. ಗೋಡೆಯ ಮೇಲಿನ ಗೂಡಿನಲ್ಲಿ ಅವರು ಪೂಜಿಸುವವಳೂ ಹೆಣ್ಣು. ಮಂಡಿಯೂರಿ ಕೂತ, ಕೆಂಪು ಉಡುಗೆಯ ನಾಂಗ್ ಕ್ವಾಕ್. ಒಂದು ಕೈ ದುಡ್ಡಿನ ಚೀಲದ ಹತ್ತಿರ, ಇನ್ನೊಂದು ಕೈ ಅಂಗೈ ಕೆಳಗೆ ಮಾಡಿ ‘ಬಾ ಬಾ’ ಎಂದು ಕರೆಯುತ್ತದೆ. ಮುಂದೆ ಮಲ್ಲಿಗೆ ಹಾರ, ಕೆಂಪು ಶರಬತ್ತಿನ ಬಾಟಲಿ. ವ್ಯಾಪಾರವನ್ನು ಕರೆದು ತರುವವಳು ಹೆಣ್ಣು ಎಂಬ ನಂಬಿಕೆ ಅಲ್ಲಿನ ಬೀದಿಬೀದಿಯಲ್ಲಿದೆ. ದೊಡ್ಡಕ್ಕ ಒಂದು ಪುಟ್ಟ ನಾಂಗ್ ಕ್ವಾಕ್ ಕೊಂಡರು. ಈಗ ಅವಳು ಅವರ ಅಂಗಡಿಯಲ್ಲಿ ಲಕ್ಷ್ಮಿಯ ಪಕ್ಕದಲ್ಲಿದ್ದಾಳೆ.

ನೀರಬಾಗಿಲಲ್ಲಿ ಒಂದು ಪ್ರಶ್ನೆ

ಭಾನುವಾರ ಪ್ರತೂನಾಮ್. ‘ಪ್ರತೂ’ ಎಂದರೆ ಬಾಗಿಲು, ‘ನಾಮ್’ ಎಂದರೆ ನೀರು. ಹತ್ತಿರದ ಕಾಲುವೆಯ ತೂಬಿನಿಂದ ಬಂದ ಹೆಸರು. ಇದು ಸಿದ್ಧಉಡುಪಿನ ಸಗಟು ಪೇಟೆ. ಪ್ಲಾಟಿನಂ ಎಂಬ ದೊಡ್ಡ ಮಾಲ್‌ನಲ್ಲಿ ಮಹಡಿ ಮಹಡಿಯೂ ಬಟ್ಟೆ, ಹೊರಗೆ ಬೀದಿಯ ಉದ್ದಕ್ಕೂ ಬಟ್ಟೆ. ಆಫ್ರಿಕಾ, ಅರಬ್ ದೇಶಗಳು, ನಮ್ಮ ಈಶಾನ್ಯ ರಾಜ್ಯಗಳು, ಎಲ್ಲೆಲ್ಲಿಂದಲೋ ಬಂದ ಸಣ್ಣ ವ್ಯಾಪಾರಿಗಳು ಚೀಲ ತುಂಬುತ್ತಿರುತ್ತಾರೆ. ಒಂದು ಕೊಂಡರೆ ಒಂದು ಬೆಲೆ, ಮೂರು ಕೊಂಡರೆ ಸಗಟು ಬೆಲೆ. ಗುಂಪಾಗಿ ಹೋದುದರ ಲಾಭ ನಮಗೆ ಅಲ್ಲಿ ತಿಳಿದದ್ದು: ಆರು ಜನ ಒಂದೇ ಅಂಗಡಿಯಲ್ಲಿ ಕೊಂಡರೆ ಎಲ್ಲರಿಗೂ ಸಗಟು ಬೆಲೆ.

ಅಲ್ಲಿ ಅಂದಿನ ಗುರು ನಮ್ಮ ಟೈಲರ್ ಗೆಳತಿ. ಬಹಳಷ್ಟು ಬಟ್ಟೆ ‘ಫ್ರೀ ಸೈಜ್’ ಎಂದೇ ಬರುತ್ತದೆ, ಅದು ನಮ್ಮಂಥ ಮೈಕಟ್ಟಿಗೆ ಬಿಗಿ. ಹಾಕಿ ನೋಡಲು ಎಲ್ಲ ಕಡೆ ಬಿಡುವುದಿಲ್ಲ. ಅವಳು ಮೊದಲು ಬಟ್ಟೆಯನ್ನು ಒಳಗು ಹೊರಗು ಮಾಡುತ್ತಿದ್ದಳು. “ಪಕ್ಕದ ಹೊಲಿಗೇಲಿ ಅರ್ಧ ಇಂಚು ಬಿಟ್ಟಿದಾರೆ, ಬಿಚ್ಚಿಕೊಡ್ತೀನಿ, ತಗೋ.” “ಇದು ಬೇಡ, ಓವರ್‌ಲಾಕ್ ಸಡಿಲ, ಎರಡು ಸಲ ಒಗೆದ್ರೆ ಬಿಟ್ಕೊಳ್ಳತ್ತೆ.” “ಇದರ ಲೈನಿಂಗ್ ಅಡ್ಡ ನೂಲಿಗೆ ಕತ್ತರಿಸಿದಾರೆ, ಜೋಲು ಬೀಳತ್ತೆ.” ಅವಳ ಬೆರಳು ಹೇಳುವುದನ್ನು ಬೆಲೆಚೀಟಿ ಹೇಳುವುದಿಲ್ಲ. ಹತ್ತರಲ್ಲಿ ಆರನ್ನು ಅವಳು ಬೇಡವೆಂದಳು. ಉಳಿದ ನಾಲ್ಕು ಇವತ್ತಿಗೂ ನಮ್ಮ ಬೀರುವಿನಲ್ಲಿ ಹೊಸದರಂತಿವೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಂದು ಉದ್ದ ಫ್ರಾಕಿಗೆ ಅಂಗಡಿಯವನು 250 ಬಾತ್ ಹೇಳಿದ. ಮೂರು ತೆಗೆದುಕೊಳ್ಳುತ್ತೇವೆಂದಾಗ 200ಕ್ಕೆ ಬಂದ. ನಮ್ಮ ದುಡ್ಡಿನಲ್ಲಿ 480 ರೂಪಾಯಿಯ ಹತ್ತಿರ. ನಾನು ಕ್ಯಾಲ್ಕುಲೇಟರಿನಲ್ಲಿ 150 ಒತ್ತಿದೆ. ಟೈಲರ್ ಗೆಳತಿ ನನ್ನ ಕೈ ಹಿಡಿದಳು. ಫ್ರಾಕನ್ನು ತಿರುವಿ ತೋರಿಸಿದಳು: ಒಳಗೆ ಪೂರ್ತಿ ಲೈನಿಂಗ್, ಬೆನ್ನಿಗೆ ಕಾಣದಂತೆ ಕೂರಿಸಿದ ಜಿಪ್, ಮುಂದೆ ಬಟ್ಟೆ ಸುತ್ತಿದ ಒಂಬತ್ತು ಗುಂಡಿ, ಒಂದೊಂದಕ್ಕೂ ದಾರದ ಕುಣಿಕೆ.

“ಬಟ್ಟೆ ಮೂರು ಮೀಟರ್ ಹಾಕು. ಲೈನಿಂಗ್, ಜಿಪ್, ದಾರ ಹಾಕು. ಕತ್ತರಿಸಿದವನ ಕೂಲಿ, ಇಲ್ಲಿಗೆ ಹೊತ್ತು ತಂದವನ ಕೂಲಿ, ಈ ಅಂಗಡಿ ಬಾಡಿಗೆ, ಇವನ ಲಾಭ. ಎಲ್ಲಾ ಕಳೆದು ಇನ್ನೂರರಲ್ಲಿ ಇದನ್ನ ಹೊಲಿದವಳ ಕೈಗೆ ಏನು ಬಂದಿರತ್ತೆ, ನೀನೇ ಹೇಳು.”

ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು. ಕಳೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಏನೂ ಅಲ್ಲದಷ್ಟು. ಆ ಹೊತ್ತಿಗೆ ಇನ್ನೊಂದೂ ನೆನಪಾಯಿತು. ನಾವು ಐವರೂ ಇವಳ ಹತ್ತಿರವೇ ಬ್ಲೌಸ್ ಹೊಲಿಸುತ್ತೇವೆ. ‘ಗೆಳತಿ ಅಲ್ವೇನೆ’ ಎಂದು ಪ್ರತಿಸಲವೂ ಮಜೂರಿಯಲ್ಲಿ ಐವತ್ತು ರೂಪಾಯಿ ಬಿಡಿಸಿಕೊಳ್ಳುತ್ತೇವೆ. ಅವಳು ಅದನ್ನು ಎತ್ತಲಿಲ್ಲ. ಎತ್ತದೇ ಇದ್ದುದೇ ಹೆಚ್ಚು ತಾಕಿತು. ಆ ಮೂರು ಫ್ರಾಕಿಗೆ 200ರಂತೆಯೇ ಕೊಟ್ಟೆವು.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಚಕ್ಕಲಮಕ್ಕಲ ಕೂತು ನಮ್ಮದೇ ಒಂದು ಕಟ್ಟು ಮಾಡಿಕೊಂಡೆವು. ಮಾರಿ ಲಾಭ ಮಾಡುವವನ ಹತ್ತಿರ ಚೌಕಾಸಿ ಸರಿ. ಮಾಡಿದವಳೇ ಮಾರುತ್ತಿದ್ದರೆ ಚೌಕಾಸಿ ಇಲ್ಲ.

ಕಾಲುವೆಯ ಆಚೆಯ ಮಗ್ಗ

ಸೋಮವಾರ ಪ್ರತೂನಾಮ್‌ನಿಂದ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿದೆವು. ಮೂರನೆಯ ರಾಮ ದೊರೆಯ ಕಾಲದಲ್ಲಿ, 1837ರಲ್ಲಿ, ಪೂರ್ವದ ಕಡೆಯ ಯುದ್ಧಕ್ಕೆ ಪಡೆ ಸಾಗಿಸಲೆಂದು ತೋಡಲು ಶುರುಮಾಡಿದ ಕಾಲುವೆ. ಇಂದು ಆಫೀಸಿಗೆ ಹೋಗುವವರ ಬಸ್ಸಿನಂತೆ ಉದ್ದ ದೋಣಿಗಳು ಅಲ್ಲಿ ಭರ್ರೆಂದು ಓಡುತ್ತವೆ. ಎದುರಿನಿಂದ ಇನ್ನೊಂದು ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೇರಿಸಬೇಕು. ಕನಕಪುರದವಳು ಆ ಹಗ್ಗದ ಹೊಣೆ ಹೊತ್ತಳು.

ಹುವಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಜಿಮ್ ಥಾಂಪ್ಸನ್ ಮನೆ. ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕದ ಸೇನೆಯ ಗುಪ್ತಚರ ಕೆಲಸದ ಮೇಲೆ ಬಂದು ಇಲ್ಲೇ ನಿಂತವರು ಅವರು. ಯಂತ್ರದ ಬಟ್ಟೆಯೆದುರು ಸೋಲುತ್ತಿದ್ದ ಥಾಯ್ ರೇಷ್ಮೆಯನ್ನು ಹೊರದೇಶಗಳಿಗೆ ಒಯ್ದರು. ಹಳೆಯ ತೇಗದ ಆರು ಮನೆಗಳನ್ನು ಬಿಚ್ಚಿ ತಂದು ಜೋಡಿಸಿ 1959ರಲ್ಲಿ ಈ ಮನೆ ಕಟ್ಟಿಸಿದರು. 1967ರ ಮಾರ್ಚ್‌ನಲ್ಲಿ ಮಲೇಷ್ಯಾದ ಕ್ಯಾಮರನ್ ಗುಡ್ಡಗಳಲ್ಲಿ ನಡೆಯಲು ಹೋದವರು ಮತ್ತೆ ಸಿಗಲೇ ಇಲ್ಲ. ಪ್ರವಾಸಿಗರಿಗೆ ಎಲ್ಲರೂ ಹೇಳುವ ಕಥೆ ಅದು. ನಮ್ಮ ಕನಕಪುರದವಳಿಗೆ ಬೇಕಾದದ್ದು ತೋಟದ ಮೂಲೆಯಲ್ಲಿತ್ತು. ಅಲ್ಲಿ ಒಬ್ಬಾಕೆ ಮಡಕೆಯ ಬಿಸಿನೀರಿನಲ್ಲಿ ಗೂಡು ಹಾಕಿ ಕೈಯಲ್ಲೇ ನೂಲು ತೆಗೆಯುತ್ತಿದ್ದಳು. ಗೂಡು ಅರಿಶಿನದ ಬಣ್ಣ.

“ಅಯ್ಯೋ, ನಮ್ಮನೆ ಗೂಡು ಕಣೇ ಇದು!” ಎಂದಳು ಕನಕಪುರದವಳು. ಅವಳ ಮಾತಿನಲ್ಲಿ ಹುರುಳಿದೆ. ಬಿಳಿ ಗೂಡಿನ ತಳಿಗಳು ಚಳಿನಾಡಿನವು. ವರ್ಷಕ್ಕೆ ಹಲವು ಬೆಳೆ ಕೊಡುವ ಬಿಸಿನಾಡಿನ ಹುಳುಗಳ ಗೂಡಿಗೆ ಹಳದಿ ಛಾಯೆ. ನಮ್ಮ ಹಳೆಯ ಮೈಸೂರು ತಳಿಯದು ಹಸುರು ಬೆರೆತ ಹಳದಿ, ಮಿಶ್ರತಳಿಯದು ಹೊನ್ನಿನ ಹಳದಿ, ಥಾಯ್ ನಾಡತಳಿಯದು ಗಾಢ ಹಳದಿ. ಬಣ್ಣ ಇರುವುದು ಎಳೆಯ ಮೇಲಿನ ಅಂಟಿನಲ್ಲಿ. ಸೋಪಿನ ನೀರಿನಲ್ಲಿ ಕುದಿಸಿದರೆ ಅಂಟಿನೊಂದಿಗೆ ಹಳದಿಯೂ ಹೋಗಿ ಬೆಳ್ಳನೆಯ ರೇಷ್ಮೆ ಉಳಿಯುತ್ತದೆ. ಕೈಯಲ್ಲಿ ತೆಗೆದ ನೂಲು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಥಾಯ್ ರೇಷ್ಮೆಯ ಮೇಲೆ ಕಾಣುವ ಆ ಸಣ್ಣ ಗಂಟುಗಂಟಾದ ಮೈ ದೋಷವಲ್ಲ, ಕೈಯ ಗುರುತು. 1912ರಲ್ಲಿ ಶುರುವಾದ ನಮ್ಮ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆ ಹುರಿಹಾಕಿದ ನೂಲಿನದು. ನೀರಿನಂತೆ ಜಾರಿ ಮೈಗೆ ಕೂರುತ್ತದೆ. ಥಾಯ್ ರೇಷ್ಮೆ ಗರಿಗರಿಯಾಗಿ ನಿಲ್ಲುತ್ತದೆ, ಹಾಸಿಗೊಂದು ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದದ್ದು ಬೆಳಕಿಗೆ ತಿರುಗಿಸಿದರೆ ಬೇರೆಯದೇ ಬಣ್ಣ ತೋರುತ್ತದೆ.

ಕನಕಪುರದವಳು ನೆಲಕ್ಕೆ ಕೂತು ಆ ಹೆಂಗಸಿನ ಪಕ್ಕ ಒಂದು ಗೂಡಿನ ಎಳೆ ಹುಡುಕಿದಳು. ಆಮೇಲೆ ನಮಗೆ ಹೇಳಿದಳು: ಹುಳು ನಾಲ್ಕು ಜ್ವರ ದಾಟಬೇಕು, ಕೊನೆಯ ಹಂತದಲ್ಲಿ ರಾತ್ರಿಯಿಡೀ ಹಿಪ್ಪುನೇರಳೆ ಸೊಪ್ಪು ಹಾಕುತ್ತಿರಬೇಕು, ಮೇಯುವ ಸದ್ದು ಮಳೆ ಬಿದ್ದಂತೆ ಕೇಳುತ್ತದೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಅವಳ ಅಮ್ಮ ಊಟಕ್ಕೂ ಏಳುತ್ತಿರಲಿಲ್ಲ. ಇಷ್ಟಾಗಿ ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿಗಿಟ್ಟ ಗೂಡಿಗೆ ಬೆಲೆ ಬಿದ್ದುಹೋದ ದಿನಗಳೂ ಇದ್ದವು. “ಅಪ್ಪ ಬರೀ ಕೈಲಿ ಬಂದು ಜಗಲಿ ಮೇಲೆ ಕೂತ್ಕೊಳೋರು. ಅಮ್ಮ ಏನೂ ಕೇಳ್ತಿರಲಿಲ್ಲ.”

ಕಾಲುವೆಯ ಆಚೆ ದಡದಲ್ಲಿ ಬಾನ್ ಕ್ರುವಾ. ಚಾಮ್ ಎಂಬ ಮುಸ್ಲಿಂ ಸಮುದಾಯದ ನೇಕಾರರ ಕೇರಿ. ಥಾಂಪ್ಸನ್ ಮೊದಮೊದಲು ಮಾರಿದ ರೇಷ್ಮೆ ನೇಯ್ದದ್ದು ಈ ಮನೆಗಳಲ್ಲೇ. ಇಂದು ಮಗ್ಗದ ಸದ್ದು ಉಳಿದಿರುವುದು ಕೆಲವೇ ಕಡೆ. ಒಬ್ಬರು ತೆರೆದ ಬಾಗಿಲಿನಿಂದ ಒಳಗೆ ಕರೆದು ಮಗ್ಗ ತೋರಿಸಿದರು. ನವಿಲುಗತ್ತಿನ ಬಣ್ಣದ ಒಂದು ಶಾಲು ಕನಕಪುರದವಳ ಕಣ್ಣಿಗೆ ಬಿತ್ತು. ಬೆಲೆ ಕೇಳಿದಳು, ಎಣಿಸಿ ಕೊಟ್ಟಳು. ನಾವು ತಂದ ಎಲ್ಲ ಸರಕಿನಲ್ಲಿ ಹೆಚ್ಚು ದುಡ್ಡು ಬಿದ್ದದ್ದು ಅದಕ್ಕೇ. ಅದನ್ನು ಅವಳು ಕೊಂಡದ್ದು ಅಮ್ಮನಿಗೆ. ಬದುಕೆಲ್ಲ ಹುಳು ಮೇಯಿಸಿದ ಆ ತಾಯಿಯ ಹತ್ತಿರ ಒಂದೂ ರೇಷ್ಮೆಯ ಶಾಲು ಇರಲಿಲ್ಲ.

ಅಂಗಡಿಗಳಲ್ಲಿ ರೇಷ್ಮೆ ಕೊಳ್ಳುವವರು ನವಿಲಿನ ಮುದ್ರೆ ನೋಡಬೇಕು. ನಮ್ಮಲ್ಲಿ ಸಿಲ್ಕ್ ಮಾರ್ಕ್ ಇದ್ದಂತೆ ಅಲ್ಲಿ ಸರ್ಕಾರ ಕೊಡುವ ಗುರುತು ಅದು. ನಾಡತಳಿಯ ನೂಲು, ಕೈನೇಯ್ಗೆಯದಕ್ಕೆ ಹೊನ್ನಿನ ನವಿಲು. ಆಮೇಲೆ ಬೆಳ್ಳಿ, ನೀಲಿ. ಬೇರೆ ನೂಲು ಬೆರೆತಿದ್ದರೆ ಹಸುರು. ಸಂತೆಯಲ್ಲಿ ‘ಥಾಯ್ ಸಿಲ್ಕ್’ ಎಂದು ರಾಶಿ ಹಾಕಿ ಅಗ್ಗಕ್ಕೆ ಮಾರುವುದು ಬಹುಪಾಲು ಪಾಲಿಯೆಸ್ಟರ್.

ಗುಂಡಿ, ಲೇಸು, ಚಿನ್ನ

ಮಂಗಳವಾರ ಸಾಂಪೆಂಗ್. 1782ರಲ್ಲಿ ಮೊದಲನೆಯ ರಾಮ ದೊರೆ ಅರಮನೆ ಕಟ್ಟಿಸಲು ಜಾಗ ಬಿಡಿಸಿದಾಗ ಅಲ್ಲಿದ್ದ ಚೀನೀಯರು ಬಂದು ನೆಲೆನಿಂತ ಓಣಿ. ಇಬ್ಬರು ಕೈಚಾಚಿದರೆ ಎರಡೂ ಬದಿಯ ಅಂಗಡಿ ಮುಟ್ಟುವಷ್ಟು ಇಕ್ಕಟ್ಟು, ನಡುವೆ ಸರಕಿನ ಕೈಗಾಡಿ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಗುಂಡಿ, ಮಣಿ, ರಿಬ್ಬನ್, ಲೇಸು, ಜಿಪ್, ಕುಚ್ಚು. ಎಲ್ಲವೂ ಡಜನ್ನಿನ ಲೆಕ್ಕ, ಕಟ್ಟಿನ ಲೆಕ್ಕ. ನಾಲ್ಕು ದಿನ ತನಗೆಂದು ಏನನ್ನೂ ಕೊಳ್ಳದೆ ಬಂದಿದ್ದ ಟೈಲರ್ ಗೆಳತಿ ಅಲ್ಲಿ ಚೀಲ ಬಿಚ್ಚಿದಳು. ಮೂರು ಗಂಟೆ ಹೊತ್ತು ಒಂದೊಂದು ಲೇಸನ್ನೂ ಬೆಳಕಿಗೆ ಹಿಡಿದು, ಎಳೆದು, ಉಗುರಲ್ಲಿ ಕೆರೆದು ನೋಡಿದಳು. ಹತ್ತಿಯ ಲೇಸು, ಚಿಪ್ಪಿನ ಗುಂಡಿ, ಕೈಯಲ್ಲಿ ಕಟ್ಟಿದ ಮಣಿಯ ಪಟ್ಟಿ. ಓಣಿಯ ಕೊನೆಗೆ ಕಾಲುವೆ ದಾಟಿದರೆ ಫಾಹುರತ್, ಸಿಖ್ ಜವಳಿ ವ್ಯಾಪಾರಿಗಳ ಪೇಟೆ. ಹೊನ್ನಿನ ಗುಮ್ಮಟದ ಗುರುದ್ವಾರದ ನೆರಳಲ್ಲಿ ಥಾನುಗಟ್ಟಲೆ ಬಟ್ಟೆ. ಅಲ್ಲಿ ಹಿಂದಿಯಲ್ಲೇ ವ್ಯಾಪಾರವಾಯಿತು.

ಸಂಜೆ ಯಾವೊರಾತ್ ರಸ್ತೆ. ಕೆಂಪು ಬಣ್ಣದ ಚಿನ್ನದಂಗಡಿಗಳ ಸಾಲು. ಇಲ್ಲಿ ಬ್ಯಾಂಕಿನವಳ ಮಾತೇ ಕೊನೆ. ಥಾಯ್ ಚಿನ್ನ ನೂರಕ್ಕೆ 96.5 ಪಾಲು ಶುದ್ಧ. ನಮ್ಮ 22 ಕ್ಯಾರೆಟ್ 91.6. ತೂಕದ ಅಳತೆಯ ಹೆಸರೂ ‘ಬಾತ್’. ಒಂದು ಬಾತ್ ಒಡವೆ 15.16 ಗ್ರಾಂ, ನಮ್ಮ ಎರಡು ಪವನಿಗೆ ಸ್ವಲ್ಪ ಕಡಿಮೆ. ಚಿನ್ನದ ಬೆಲೆಯನ್ನು ವರ್ತಕರ ಸಂಘ ದಿನದಿನ ಸಾರುತ್ತದೆ, ಎಲ್ಲ ಅಂಗಡಿಯಲ್ಲೂ ಅದೇ ಬೋರ್ಡು. ಅಂಗಡಿಯಿಂದ ಅಂಗಡಿಗೆ ಬದಲಾಗುವುದು ಮಜೂರಿ ಮಾತ್ರ.

“ನೋಡಿದ್ಯಾ?” ಎಂದಳು ಬ್ಯಾಂಕಿನವಳು. “ಚಿನ್ನದ ಬೆಲೆ ಇಳಿಸು ಅಂತ ಯಾರೂ ಕೇಳಲ್ಲ. ಎಲ್ಲಾ ಹಿಡಿದುಕೊಳ್ಳೋದು ಮಜೂರಿನೇ. ನಮ್ಮ ಬ್ಯಾಂಕಲ್ಲೂ ಅಷ್ಟೆ. ಅಡವಿಟ್ಟ ಒಡವೆಯಲ್ಲಿ ಚಿನ್ನಕ್ಕೆ ಬೆಲೆ ಕಟ್ತಿದ್ವಿ, ಕೆಲಸಕ್ಕೆ ಸೊನ್ನೆ.” ಭಾನುವಾರದಿಂದ ನಾವು ಸುತ್ತುತ್ತಿದ್ದ ಪ್ರಶ್ನೆಯ ಬುಡ ಅವಳ ಮಾತಿನಲ್ಲಿ ಸಿಕ್ಕಿತು. ವಸ್ತುವಿಗೆ ಬೋರ್ಡಿನ ಮೇಲೆ ಬೆಲೆ ಇದೆ. ಕೈಗೆ ಬೋರ್ಡಿಲ್ಲ. ಹಾಗಾಗಿ ಎಲ್ಲರ ಚೌಕಾಸಿಯೂ ಕೊನೆಗೆ ಬಂದು ಬೀಳುವುದು ಕೈಯ ಮೇಲೆಯೇ.

ಗುಂಪಾಗಿ ಹೊರಡುವವರಿಗೆ

ಹೋಗಬೇಕೆಂದಿರುವ ಅಕ್ಕತಂಗಿಯರಿಗೆ ಕೆಲವು ಮಾತು. ಪ್ರವೇಶದ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ಟಿಗೆ ಮುಂಚೆ ರಾಯಭಾರ ಕಚೇರಿಯ ಮಾಹಿತಿ ನೋಡಿ. ಸಂತೆಗೆ ಶನಿವಾರ, ಭಾನುವಾರ ಬರುವಂತೆ ದಿನ ಇಟ್ಟುಕೊಳ್ಳಿ. ‘ವ್ಯಾಟ್ ರೀಫಂಡ್’ ಬೋರ್ಡಿರುವ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಅಥವಾ ಅದಕ್ಕೂ ಹೆಚ್ಚು ಕೊಂಡರೆ ನಮೂನೆ ಕೇಳಿ ಪಡೆಯಿರಿ. ಶೇ 7 ತೆರಿಗೆಯಲ್ಲಿ ಶುಲ್ಕ ಕಳೆದು ಉಳಿದದ್ದು ನಿಲ್ದಾಣದಲ್ಲಿ ಹಿಂತಿರುಗುತ್ತದೆ. ಕಸ್ಟಮ್ಸ್ ಮುದ್ರೆ ಬೇಕಾದರೆ ಸರಕು ಇರುವ ಪೆಟ್ಟಿಗೆಯನ್ನು ವಿಮಾನಕ್ಕೆ ಒಪ್ಪಿಸುವ ಮುಂಚೆಯೇ ಹಾಕಿಸಬೇಕು.

ಭಾರತಕ್ಕೆ ಒಡವೆ ತರುವ ಸುಂಕದ ವಿನಾಯಿತಿ ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ. ಐದು ದಿನದ ಪ್ರವಾಸದವರಿಗಲ್ಲ. ಬುದ್ಧನ ವಿಗ್ರಹ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಜೇ’ ಗುರುತು ಹುಡುಕಿ. ಅಲ್ಲಿ ಮಾಂಸ, ಮೀನು, ಹಾಲು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ನಮ್ಮ ಮೇಡಂ ಐದು ದಿನ ಅದರಲ್ಲೇ ಸುಖವಾಗಿದ್ದರು.

ಅರಮನೆಯ ಹತ್ತಿರ ‘ಇವತ್ತು ಅರಮನೆ ಮುಚ್ಚಿದೆ, ಅಗ್ಗದಲ್ಲಿ ಊರು ತೋರಿಸುತ್ತೇನೆ’ ಎನ್ನುವ ತ್ರಿಚಕ್ರದವರಿಗೆ ಸೋಲಬೇಡಿ. ನಮ್ಮನ್ನೂ ಒಬ್ಬ ಹಾಗೆ ಒಂದು ಹರಳಿನಂಗಡಿಗೆ ಒಯ್ದು ನಿಲ್ಲಿಸಿದ. ಒಳಗಿದ್ದವರು ನೀಲಮಣಿ ತೋರಿಸಿ ಒತ್ತಾಯ ಮಾಡತೊಡಗಿದಾಗ ಬ್ಯಾಂಕಿನವಳು “ಸರ್ಟಿಫಿಕೇಟು ಕೊಟ್ಟ ಪ್ರಯೋಗಾಲಯ ಯಾವುದು?” ಎಂದು ಕೇಳಿದಳು. ಉತ್ತರ ಬರಲಿಲ್ಲ. ಆರೂ ಜನ ಒಟ್ಟಿಗೆ ಎದ್ದು ಹೊರಬಂದೆವು. ಒಬ್ಬಳೇ ಇದ್ದಿದ್ದರೆ ಏಳುವುದು ಕಷ್ಟವಾಗುತ್ತಿತ್ತು. ಗುಂಪಿನ ಬಲ ಬೆಲೆ ಇಳಿಸುವುದಕ್ಕಿಂತ ಇಲ್ಲಿ ಹೆಚ್ಚು ಕೆಲಸಕ್ಕೆ ಬಂತು.

ತೂಕ

ಹೊರಡುವ ರಾತ್ರಿ ತಕ್ಕಡಿ ಕೈಯಿಂದ ಕೈಗೆ ಓಡಾಡಿತು. ತಲಾ 20 ಕಿಲೋ ಮಿತಿ. ಟೈಲರ್ ಗೆಳತಿಯ ಪೆಟ್ಟಿಗೆ ನಾಲ್ಕು ಕಿಲೋ ಹೆಚ್ಚು. ಅವಳು ಲೇಸಿನ ಕಟ್ಟುಗಳನ್ನು ತೆಗೆದು ಹಾಸಿಗೆಯ ಮೇಲಿಟ್ಟು ಯಾವುದನ್ನು ಬಿಡಲಿ ಎಂದು ನೋಡುತ್ತಿದ್ದಳು. ದೊಡ್ಡಕ್ಕ ಏನೂ ಹೇಳದೆ ಎರಡು ಕಟ್ಟು ತಮ್ಮ ಪೆಟ್ಟಿಗೆಗೆ ಸೇರಿಸಿ, ತಾವು ಕೊಂಡಿದ್ದ ಪಿಂಗಾಣಿ ಬಟ್ಟಲುಗಳನ್ನು ಸೀರೆಯಲ್ಲಿ ಸುತ್ತಿ ಕೈಚೀಲಕ್ಕೆ ಇಟ್ಟುಕೊಂಡರು. ಮೇಡಂ ಗುಂಡಿಗಳ ಡಬ್ಬಿ ತೆಗೆದುಕೊಂಡರು. ನನ್ನ ಪಾಲಿಗೆ ಮಣಿಯ ಪಟ್ಟಿಗಳು. ಹಾಗೆ ಅವಳ ಕಸುಬು ನಮ್ಮ ಆರೂ ಪೆಟ್ಟಿಗೆಗಳಲ್ಲಿ ಹಂಚಿಹೋಗಿ ಊರಿಗೆ ಬಂತು.

ಒಂದು ತಿಂಗಳ ಮೇಲೆ, ಸೋಮವಾರ ಬೆಳಗ್ಗೆ, ಅವಳ ಅಂಗಡಿಗೆ ಹೋದೆವು. ಸಾಂಪೆಂಗಿನ ಲೇಸು ಹಾಕಿ ಹೊಲಿದ ನಮ್ಮ ಐದು ಬ್ಲೌಸು ಹ್ಯಾಂಗರಿನಲ್ಲಿದ್ದವು. ತೋಳಿನ ಅಂಚಿನಲ್ಲಿ ಲೇಸು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹುಡುಕಿದರೂ ಕಾಣದ ಹೊಲಿಗೆ. ಅವಳು ಬಿಲ್ಲು ಬರೆದಳು. ಬರೆದು, ಅಭ್ಯಾಸಬಲದಿಂದ, ಕೆಳಗೆ ಐವತ್ತೈವತ್ತು ಕಳೆಯಲು ಗೆರೆ ಎಳೆದಳು. ದೊಡ್ಡಕ್ಕ ಪೆನ್ನು ತೆಗೆದುಕೊಂಡು ಆ ಗೆರೆಯನ್ನು ಹೊಡೆದುಹಾಕಿದರು. ಮೇಲಿನ ಮೊತ್ತವನ್ನೇ ಎಣಿಸಿ ಮೇಜಿನ ಮೇಲಿಟ್ಟರು.

“ಇವತ್ತಿನ ಮೊದಲನೇ ಗಿರಾಕಿ ನಾವೇನಾ?”

“ಹೂಂ ಅಕ್ಕ.”

ಅವಳು ಒಂದು ಗಳಿಗೆ ನೋಟು ಹಿಡಿದು ನಿಂತಳು. ಆಮೇಲೆ ಎದ್ದು ಹೊಲಿಗೆ ಮಿಷನ್ನಿಗೆ, ಕತ್ತರಿಗೆ, ಲೇಸಿನ ಕಟ್ಟುಗಳಿಗೆ, ಇನ್ನೂ ಹೊಲಿಯಬೇಕಾದ ಬಟ್ಟೆಯ ರಾಶಿಗೆ ಒಂದೊಂದಾಗಿ ಆ ನೋಟು ತಟ್ಟುತ್ತ ಬಂದಳು.